ಟಿ.ವಿ.ಯ ದೆವ್ವ, ಮನುಷ್ಯನ ಕೆಡುಕು: ಒಂದು ಪ್ರಶ್ನೆ, ಎರಡು ವಾದ

ವೇಷವಿಲ್ಲದೆ ಕುಳಿತು ಮಾತಿನಲ್ಲೇ ಯಕ್ಷಗಾನ ಪ್ರಸಂಗವನ್ನು ನಡೆಸುವ ಕರಾವಳಿಯ ತಾಳಮದ್ದಳೆಯಲ್ಲಿ ಇಂದು ಉಡುಪಿಯ ಕೂಟದಲ್ಲಿ ರಾಮನಾಗಿ ಅರ್ಥ ಹೇಳಿದವರು ನಾಳೆ ಮಂಗಳೂರಿನ ಕೂಟದಲ್ಲಿ ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟ ಅದೇ ರಾಮನನ್ನು ಪ್ರಶ್ನಿಸುವುದುಂಟು. ಎರಡೂ ದಿನ ಅವರು ಪೂರ್ಣ ಮನಸ್ಸಿನಿಂದಲೇ ವಾದಿಸಬೇಕು. ಎದುರಿನವರ ಮಾತಿಗೆ ಜಾಗ ಬಿಟ್ಟು ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ, ವಾಲಿ, ಕೌರವರ ಅರ್ಥಗಾರಿಕೆಯನ್ನು ಕೇಳಿ ಬೆಳೆದ ಊರಿನವನಾದ್ದರಿಂದ, ಅಷ್ಟು ಯೋಗ್ಯತೆ ಇಲ್ಲದಿದ್ದರೂ, ಈ ಬರಹದಲ್ಲಿ ಎರಡೂ ಕಡೆಯ ಪೀಠದಲ್ಲಿ ನಾನೇ ಕುಳಿತಿದ್ದೇನೆ. ಟಿ.ವಿ.ಯಲ್ಲಿ ಬರುವ ಹಾರರ್ ಧಾರಾವಾಹಿಗಳು, ಅಂದರೆ ದೆವ್ವ-ಪಿಶಾಚಿಗಳವು ಮತ್ತು ಮನಸ್ಸಿನ ವಿಕಾರಗಳನ್ನೇ ಭಯದ ವಸ್ತುವಾಗಿಸಿಕೊಂಡವು, ಕೆಡುಕೆಂದರೇನು ಎಂಬುದನ್ನು ನಮಗೆ ಕಾಣಿಸುತ್ತವೆಯೋ ಅಥವಾ ನಮ್ಮ ಕಣ್ಣಿನಿಂದ ಅದನ್ನು ಮರೆಮಾಡುತ್ತವೆಯೋ ಎಂಬುದು ಪ್ರಶ್ನೆ. ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆಯನ್ನು ಇಲ್ಲಿ ಎತ್ತಿಕೊಂಡಿಲ್ಲ.

ಪರ: ಮುಖ ಬರೆದರೆ ಮಾತ್ರ ಕಾಣುವುದು

ನಮ್ಮ ಕಡೆಯ ಮಕ್ಕಳಿಗೆ ಭಯದ ಮೊದಲ ಪಾಠ ಆದದ್ದು ಟಿ.ವಿ.ಯಿಂದಲ್ಲ, ಬಯಲಾಟದಿಂದ. ದೇವಿ ಮಹಾತ್ಮೆಯ ಆಟದಲ್ಲಿ ಮಹಿಷಾಸುರನು ಚೌಕಿಯಿಂದ, ಅಂದರೆ ಬಣ್ಣದ ಮನೆಯಿಂದ, ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಜನರ ಬೆನ್ನ ಹಿಂದಿನ ಕತ್ತಲಿನಿಂದ, ರಾಳದ ಪುಡಿ ಎರಚಿದಾಗಲೆಲ್ಲ ಭುಗಿಲೇಳುವ ದೊಂದಿಗಳ ನಡುವೆ, ಚಾಪೆಯ ಮೇಲೆ ನಿದ್ದೆಹೋದ ಮಕ್ಕಳ ಪಕ್ಕದಿಂದಲೇ ಆರ್ಭಟಿಸುತ್ತ ಬರುತ್ತಾನೆ. ಆ ಹೊತ್ತಿಗೆ ಸರಿಯಾಗಿ ಮಕ್ಕಳನ್ನು ತಟ್ಟಿ ಎಬ್ಬಿಸುವವರು ತಂದೆತಾಯಿಗಳೇ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಒಂದೊಂದೇ ಚುಟ್ಟಿ ಇಟ್ಟು ಆ ಬಣ್ಣದ ವೇಷವನ್ನು ಬರೆಯುವ ಕಲಾವಿದರು, ಕೆಡುಕಿಗೆ ನೋಡಬಹುದಾದ ಒಂದು ಮುಖವನ್ನು ಕೊಡುತ್ತಾರೆ. ಹಾಗೆ ಮುಖ ಕೊಡದೆ ಹೋದರೆ ಅದು ಕತೆಯ ಹೊರಗೆ, ಹೆಸರಿಲ್ಲದ ಅಂಜಿಕೆಯಾಗಿ ಉಳಿದುಬಿಡುತ್ತದೆ. ಆದ್ದರಿಂದ ಭಯ ಹುಟ್ಟಿಸುವುದೇ ತಪ್ಪು ಎಂಬ ಆಕ್ಷೇಪ ಕನಿಷ್ಠ ಈ ಜಿಲ್ಲೆಗಳಲ್ಲಿ ನಿಲ್ಲಲಾರದು.

ಟಿ.ವಿ.ಯೂ ತನ್ನ ಒಳ್ಳೆಯ ಕಾಲದಲ್ಲಿ ಇದನ್ನೇ ಮಾಡಿದೆ. 1985ರಲ್ಲಿ ದೂರದರ್ಶನದಲ್ಲಿ ವಿಕ್ರಮ-ಬೇತಾಳನ ಕತೆಗಳು ಬಂದಾಗ, ಹೆಗಲ ಮೇಲಿನ ಬಿಳಿಗೂದಲ ಬೇತಾಳನನ್ನು ನೋಡಿ ಹೆದರಿದ ಮಕ್ಕಳಿಗೆ ಹೆದರಿಕೆಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದದ್ದು ಅವನು ಕೇಳುತ್ತಿದ್ದ ಪ್ರಶ್ನೆಗಳು. ಪ್ರತಿ ಕತೆಯ ಕೊನೆಗೂ ಆ ಹೆಣದೊಳಗಿನ ಜೀವ ಕೇಳುವುದು ಒಂದೇ ಬಗೆಯ ಪ್ರಶ್ನೆ: ಇದರಲ್ಲಿ ತಪ್ಪು ಯಾರದು, ದೊಡ್ಡತನ ಯಾರದು, ಉತ್ತರ ಗೊತ್ತಿದ್ದೂ ಹೇಳದಿದ್ದರೆ ನಿನ್ನ ತಲೆ ಸಿಡಿದುಹೋಗುತ್ತದೆ. ನ್ಯಾಯವನ್ನು ಕುರಿತು ಬಾಯಿ ಮುಚ್ಚಿಕೊಂಡಿರಲು ಬಿಡದ ದೆವ್ವ ಅದು. ಪಂಚತಂತ್ರದಂಥ ನೀತಿಕತೆಗಳಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಬೇತಾಳನ ಕತೆಯಲ್ಲಿ ಉತ್ತರವನ್ನು ಸ್ಮಶಾನದ ಕತ್ತಲಲ್ಲಿ, ಹೆಣ ಹೊತ್ತುಕೊಂಡು ನಡೆಯುತ್ತಲೇ ಹುಡುಕಬೇಕು.

ಅಮೆರಿಕದಲ್ಲಿ 1959ರಲ್ಲಿ ಆರಂಭವಾದ 'ದ ಟ್ವಿಲೈಟ್ ಝೋನ್' ಸರಣಿಯ ಹಿಂದಿನ ಸಂಗತಿಯೂ ಇಲ್ಲಿ ಮುಖ್ಯ. ಅದನ್ನು ರೂಪಿಸಿದ ರಾಡ್ ಸರ್ಲಿಂಗ್ ಅದಕ್ಕೆ ಮೊದಲು ಜನಾಂಗದ್ವೇಷದ ಕೊಲೆಯೊಂದನ್ನು ಆಧರಿಸಿ ನೇರವಾದ ಟಿ.ವಿ. ನಾಟಕ ಬರೆದಿದ್ದರು, ಜಾಹೀರಾತುದಾರರು ಮತ್ತು ವಾಹಿನಿಯವರು ಅದನ್ನು ತಿದ್ದಿ ತಿದ್ದಿ ಗುರುತೇ ಸಿಗದಂತೆ ಮಾಡಿಬಿಟ್ಟರು. ಮನುಷ್ಯರ ಬಾಯಲ್ಲಿ ಹೇಳಲು ಬಿಡದ ಮಾತನ್ನು ಅನ್ಯಗ್ರಹದವರ ಕತೆಯಲ್ಲಿ ಇಟ್ಟರೆ ಯಾರೂ ತಡೆಯುವುದಿಲ್ಲ ಎಂಬುದನ್ನು ಅವರು ಆಮೇಲೆ ಕಂಡುಕೊಂಡರು. 1960ರ ಮಾರ್ಚ್‌ನಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ, ಮೇಪಲ್ ಸ್ಟ್ರೀಟ್ ಎಂಬ ಬೀದಿಯಲ್ಲಿ ವಿದ್ಯುತ್ತು ಹೋಗುತ್ತದೆ, ಕಾರುಗಳು ನಿಂತುಹೋಗುತ್ತವೆ, ನಮ್ಮ ನಡುವೆಯೇ ಹೊರಗಿನವನೊಬ್ಬನಿದ್ದಾನೆ ಎಂಬ ಸುದ್ದಿ ಹಬ್ಬುತ್ತದೆ. ಕತ್ತಲಾಗುವಷ್ಟರಲ್ಲಿ ನೆರೆಕೆರೆಯವರು ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸತೊಡಗುತ್ತಾರೆ. ಕತ್ತಲಲ್ಲಿ ನಡೆದುಬಂದ ತಮ್ಮದೇ ಬೀದಿಯವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಅನ್ಯಗ್ರಹದವರು ಮಾಡಿದ್ದು ಸ್ವಿಚ್ಚು ಆರಿಸಿದ್ದು ಮಾತ್ರ. 2018ರ ಜುಲೈಯಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸ್ಆ್ಯಪ್ ಸಂದೇಶಗಳಿಂದ ನಂಬಿದ ಗುಂಪು ಹೈದರಾಬಾದಿನ ತಂತ್ರಜ್ಞನೊಬ್ಬನನ್ನು ಬಡಿದು ಕೊಂದಾಗ, 58 ವರ್ಷ ಹಿಂದಿನ ಆ ಅರ್ಧ ಗಂಟೆಯ ಕಂತು ನನಗೆ ನೆನಪಾದಷ್ಟು ಯಾವ ಸಂಪಾದಕೀಯವೂ ನೆನಪಾಗಲಿಲ್ಲ.

ಈಗ ಈ ವಾದದ ಹೃದಯಕ್ಕೆ ಬರುತ್ತೇನೆ. 1990ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಆರಂಭಿಸಿದ 'ಟ್ವಿನ್ ಪೀಕ್ಸ್' ಎಂಬ ಧಾರಾವಾಹಿಯಲ್ಲಿ ಲಾರಾ ಪಾಮರ್ ಎಂಬ ಹದಿಹರೆಯದ ಹುಡುಗಿಯ ಕೊಲೆಯಾಗುತ್ತದೆ. ಕೊಂದವರಾರು ಎಂಬ ಪ್ರಶ್ನೆಯಲ್ಲೇ ಒಂದು ದೇಶವನ್ನು ತಿಂಗಳುಗಟ್ಟಲೆ ಕೂರಿಸಿ, ಕೊನೆಗೆ ಅದು ಹೇಳಿದ ಉತ್ತರ: ಅವಳ ಹೆತ್ತ ತಂದೆ ಲೀಲಂಡ್. ಆದರೆ ಅವನ ಒಳಗೆ ಬಾಬ್ ಎಂಬ ಇನ್ನೊಂದು ಜೀವ ಹೊಕ್ಕಿತ್ತು; ಕನ್ನಡಿಯಲ್ಲಿ ನೋಡಿಕೊಂಡರೆ ಅವನಿಗೆ ಕಾಣುತ್ತಿದ್ದುದು ಬಾಬ್‌ನ ಮುಖ. ಸಾಯುವ ಗಳಿಗೆಯಲ್ಲಿ ಲೀಲಂಡ್ ಹೇಳುತ್ತಾನೆ, ಹುಡುಗನಾಗಿದ್ದಾಗ ಅವನು ಒಳಗೆ ಬರಲು ಕೇಳಿದ, ನಾನೇ ಬಿಟ್ಟುಕೊಂಡೆ ಎಂದು. ಆಮೇಲೆ ತನಿಖೆಯವರು ಕಾಡಿನಲ್ಲಿ ನಿಂತು ಮಾತಾಡಿಕೊಳ್ಳುತ್ತಾರೆ: ಇಂಥದ್ದನ್ನು ನಂಬುವುದು ಕಷ್ಟವೆನ್ನುವುದಾದರೆ, ಒಬ್ಬ ತಂದೆ ತನ್ನ ಮಗಳಿಗೆ ಹೀಗೆ ಮಾಡಿದ ಎಂದು ನಂಬುವುದು ಸುಲಭವೇ?

ಉಡುಪಿಯಲ್ಲಿ ಕುಳಿತು ಇದನ್ನು ನೋಡುವವನಿಗೆ ಇದು ಹೊಸ ಪ್ರಶ್ನೆಯೆನಿಸುವುದಿಲ್ಲ. ಜೀವರಲ್ಲಿ ಸ್ವಭಾವದಿಂದಲೇ ಮೂರು ಬಗೆಯೆಂದು, ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು ಮತ್ತು ತಮೋಯೋಗ್ಯರು ಎಂದು, ಮಧ್ವಾಚಾರ್ಯರು ಹೇಳಿದರು. ಕೆಡುಕು ಕೆಲವರ ಸ್ವರೂಪದಲ್ಲೇ ಇದೆ ಎಂಬ ಆ ಮಾತು ಒಪ್ಪಲು ಎಷ್ಟು ಕಠಿಣವೋ, ತಳ್ಳಿಹಾಕಲೂ ಅಷ್ಟೇ ಕಠಿಣ. ಅದೇ ಸಿದ್ಧಾಂತ ಶಿಶುಪಾಲನ ವಿಷಯಕ್ಕೆ ಬಂದಾಗ ಇನ್ನೂ ಸೂಕ್ಷ್ಮವಾಗುತ್ತದೆ. ವೈಕುಂಠದ ದ್ವಾರಪಾಲಕನಾದ ಜಯ ಶಾಪದಿಂದ ಹುಟ್ಟಿದ ದೇಹ ಅದು, ಆದರೆ ಅದೇ ದೇಹದಲ್ಲಿ ಅಸುರನೊಬ್ಬನ ಜೀವವೂ ಸೇರಿಕೊಂಡಿತ್ತು. ಕೃಷ್ಣನ ಚಕ್ರ ತಗುಲಿದಾಗ ಜಯ ಸೇರಬೇಕಾದಲ್ಲಿಗೆ ಸೇರಿದ, ಅಸುರ ತಮಸ್ಸಿಗೆ ಹೋದ. ಒಂದೇ ಬಾಯಿ ಬೈದದ್ದು, ಆದರೆ ಬೈದವರು ಯಾರು? ಲಿಂಚ್ ಅವರಿಗೆ ಇದರ ಪರಿಚಯ ಇತ್ತೆಂದು ನಾನು ಹೇಳುತ್ತಿಲ್ಲ. ಒಳ್ಳೆಯವನೆಂದು ಊರು ಒಪ್ಪಿದ ಒಬ್ಬ ಮನುಷ್ಯನ ಕೈಯಿಂದ ಹೇಳಬಾರದ ಕೃತ್ಯ ನಡೆದಾಗ, ಅದನ್ನು ವಿವರಿಸಲು ಬುದ್ಧಿ ಎಲ್ಲಿ ಹೋಗಿ ಮುಟ್ಟುತ್ತದೆಯೋ ಅಲ್ಲಿಗೆ ಈ ಧಾರಾವಾಹಿಯೂ ಮುಟ್ಟಿತು, ಮತ್ತು ಅದು ಮುಟ್ಟಿದ್ದು ರಾತ್ರಿಯ ಊಟ ಮುಗಿಸಿ ಕುಳಿತ ಸಾಮಾನ್ಯ ಮನೆಯ ಹಜಾರದಲ್ಲಿ. ಮಠದ ಪಾಠಕ್ಕೆ ಹೋಗದವರಿಗೂ ಆ ಪ್ರಶ್ನೆ ತಲುಪಿತು.

ಇತ್ತೀಚಿನವುಗಳಲ್ಲಿ ನಾನು ಮೆಚ್ಚುವುದು, 2019ರಲ್ಲಿ ಆರಂಭವಾಗಿ ನಾಲ್ಕು ಸೀಸನ್‌ಗಳ ಬಳಿಕ 2024ರಲ್ಲಿ ಮುಗಿದ 'ಈವಿಲ್'. ಕ್ಯಾಥೊಲಿಕ್ ಚರ್ಚಿಗೆ ಬರುವ ಪಿಶಾಚಿ ಬಾಧೆಯ ದೂರುಗಳನ್ನು ಪರಿಶೀಲಿಸಲು ಹೋಗುವವರು ಮೂವರು: ಪಾದ್ರಿಯಾಗಲು ಕಲಿಯುತ್ತಿರುವ ಡೇವಿಡ್, ನಂಬಿಕೆಯಿಲ್ಲದ ಮನಶ್ಶಾಸ್ತ್ರಜ್ಞೆ ಕ್ರಿಸ್ಟನ್, ಮುಸ್ಲಿಂ ಮನೆತನದಲ್ಲಿ ಬೆಳೆದ ತಂತ್ರಜ್ಞ ಬೆನ್. ಗೋಡೆಯೊಳಗಿನ ಪಿಸುಮಾತಿಗೆ ಕೊಳವೆಯ ದೋಷ ಕಾರಣವೇ, ಕಾಯಿಲೆ ಕಾರಣವೇ, ಬೇರೇನಾದರೂ ಇದೆಯೇ ಎಂದು ಮೂವರೂ ತಮ್ಮ ತಮ್ಮ ಉಪಕರಣ ಹಿಡಿದು ನೋಡುತ್ತಾರೆ. ಇದು ಬರೀ ಕಲ್ಪನೆಯಲ್ಲ ಎಂಬುದು ಮಂಗಳೂರಿನ ಕ್ರೈಸ್ತರಿಗೆ ತಿಳಿದಿರುತ್ತದೆ: ಚರ್ಚಿನ ಕಾನೂನಿನ 1172ನೇ ವಿಧಿಯ ಪ್ರಕಾರ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಪಾದ್ರಿಯೂ ಪಿಶಾಚಿ ಬಿಡಿಸುವ ವಿಧಿ ನಡೆಸುವಂತಿಲ್ಲ, ಮತ್ತು 1999ರಲ್ಲಿ ಪರಿಷ್ಕರಿಸಿದ ವಿಧಿಯು ಕಾಯಿಲೆಯನ್ನು ಪಿಶಾಚಿಯೆಂದು ತಪ್ಪು ತಿಳಿಯದಂತೆ ಎಚ್ಚರಿಸುತ್ತದೆ. ಧಾರಾವಾಹಿಯ ಚತುರತೆ ಇರುವುದು ಇನ್ನೊಂದು ಕಡೆ. ಮೊದಲ ಸೀಸನ್ನಿನ ಕೊನೆಗೆ, ತನ್ನ ಮಕ್ಕಳನ್ನು ಬೆದರಿಸುತ್ತಿದ್ದ ಕೊಲೆಗಾರನೊಬ್ಬನನ್ನು ಕೊಂದವಳು ಬೇರಾರೂ ಅಲ್ಲ, ಎಲ್ಲರಿಗಿಂತ ವಿವೇಕಿಯಾದ ಕ್ರಿಸ್ಟನ್. ಆಮೇಲೆ ಅವಳು ಮಾಡಿದ್ದನ್ನು ಕಾನೂನಾಗಲಿ, ಪೊಲೀಸ್ ಗೆಳತಿಯಾಗಲಿ ಹಿಡಿದು ಕೇಳುವುದಿಲ್ಲ. ಅವಳನ್ನು ಕಾಡುವುದು ಅವಳ ತಪ್ಪಿನ ಅರಿವು. ಪಿಶಾಚಿಯನ್ನು ಪರೀಕ್ಷಿಸಲು ಬಂದವಳೇ ಪರೀಕ್ಷೆಯ ವಸ್ತುವಾಗುವ ಈ ತಿರುವನ್ನು ಹಾರರ್ ಬಿಟ್ಟು ಬೇರೆ ಬಗೆಯ ಧಾರಾವಾಹಿ ಇಷ್ಟು ನಿಧಾನವಾಗಿ ಕಟ್ಟಲಾರದು.

2021ರ 'ಮಿಡ್‌ನೈಟ್ ಮಾಸ್'ನ ಏಳು ಕಂತುಗಳನ್ನು ಮಲ್ಪೆ ಅಥವಾ ಉಳ್ಳಾಲದ ಕಡೆಯವರು ನೋಡಿದರೆ ಬೇಗ ಒಳಗಾಗುತ್ತಾರೆ ಎಂದು ನನಗನಿಸುತ್ತದೆ: ತೈಲ ಸೋರಿ ಮೀನುಗಾರಿಕೆ ಬಿದ್ದುಹೋದ ಒಂದು ಪುಟ್ಟ ದ್ವೀಪ, ಖಾಲಿಯಾಗುತ್ತಿರುವ ಚರ್ಚು, ಪವಾಡಗಳನ್ನು ತಂದ ಹೊಸ ಪಾದ್ರಿ. ಅವನು ದೇವದೂತನೆಂದು ಭಾವಿಸಿ ಊರಿಗೆ ಕರೆತಂದದ್ದು ರಕ್ತ ಕುಡಿಯುವ ಪ್ರಾಣಿಯನ್ನು. ಅಲ್ಲಿ ಆಗುವ ಅನಾಹುತಕ್ಕೆ ಆ ಪ್ರಾಣಿಯ ಹಲ್ಲಿಗಿಂತ ಹೆಚ್ಚಿನ ಕಾರಣ, ಬೈಬಲ್ಲಿನ ಸಾಲುಗಳನ್ನು ಬೇಕಾದಂತೆ ತಿರುಗಿಸಿಕೊಳ್ಳುವ ಒಬ್ಬ ಶ್ರದ್ಧಾವಂತೆ ಮತ್ತು ಅವಳನ್ನು ತಡೆಯದ ಸಜ್ಜನರು. 2018ರ 'ದ ಹಾಂಟಿಂಗ್ ಆಫ್ ಹಿಲ್ ಹೌಸ್'ನಲ್ಲಿಯೋ, ಬಾಲ್ಯದಿಂದ ಒಬ್ಬ ತಂಗಿಯನ್ನು ಕಾಡಿದ ಕತ್ತು ಮುರಿದ ಹೆಂಗಸಿನ ರೂಪ ಕೊನೆಗೆ ಅವಳದೇ ಸಾವಿನ ರೂಪವಾಗಿರುತ್ತದೆ. ದೆವ್ವವೆಂದರೆ ಹೊರಗಿನ ಶತ್ರು ಎನ್ನುವುದಕ್ಕಿಂತ ಮನೆಯೊಳಗೆ ತೀರದೆ ಉಳಿದ ಋಣ ಎಂಬ ಈ ತಿಳಿವಳಿಕೆ ನಮ್ಮವರಿಗೆ ಪರಕೀಯವೇ? ಮದುವೆಗೆ ಮುನ್ನ ತೀರಿಕೊಂಡ ಮಕ್ಕಳ ಕುಲೆಗಳಿಗೆ, ಅಂದರೆ ಪ್ರೇತಾತ್ಮಗಳಿಗೆ, ಆಟಿ (ಆಷಾಢ) ತಿಂಗಳಲ್ಲಿ ಮದುವೆ ಮಾಡಿಸುವ ಕುಟುಂಬಗಳು ದಕ್ಷಿಣ ಕನ್ನಡದಲ್ಲಿ ಇಂದಿಗೂ ಇವೆ. 2024ರಲ್ಲಿ ಪುತ್ತೂರು ಕಡೆಯ ಕುಟುಂಬವೊಂದು, 30 ವರ್ಷ ಹಿಂದೆ ತೀರಿಹೋದ ಮಗುವಿಗೆ ಅಂಥದೇ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಹೊರಗಿನವರು ಅದನ್ನು ವಿಚಿತ್ರವೆಂದು ಹಂಚಿಕೊಂಡು ನಕ್ಕರು. ಅದರಲ್ಲಿ ಇದ್ದ ದುಃಖ ಅರ್ಥವಾಗುವುದಕ್ಕೆ ಹಿಲ್ ಹೌಸ್‌ನಂಥ ಧಾರಾವಾಹಿಯೊಂದನ್ನು ನೋಡಿದ್ದರೂ ಸಾಕಿತ್ತು.

ವಿರೋಧ: ಹೆಸರಿಲ್ಲದ ದೆವ್ವ, ತಪ್ಪಿಲ್ಲದ ಮನುಷ್ಯ

1993ರಲ್ಲಿ ಝೀ ಟಿ.ವಿ.ಯಲ್ಲಿ ರಾಮ್ಸೆ ಸೋದರರ ಹಾರರ್ ಷೋ ಆರಂಭವಾದ ಮೇಲೆ, ಕಾಪುವಿನ ಬಳಿಯ ನಮ್ಮೂರಿನಲ್ಲಿ ಕೇಬಲ್ ಇದ್ದ ಒಂದೇ ಮನೆಯ ಹಜಾರದಲ್ಲಿ ನಾವು ಹುಡುಗರು ಸಾಲಾಗಿ ಕೂರುತ್ತಿದ್ದೆವು. ಹಳೆಯ ಬಂಗಲೆ, ಹೊಗೆಯ ಮಂಜು, ಮೇಣ ಕರಗಿದಂಥ ಮುಖ. ಮುಗಿದ ಮೇಲೆ ಗದ್ದೆಯ ಹುಣಿಯ ಮೇಲೆ ಮನೆಗೆ ಓಡಬೇಕು; ಹಿಂದಿರುಗಿ ನೋಡುವಂತಿಲ್ಲ. ಊರ ದೈವದ ಕೋಲದ ದಿನ ಭಂಡಾರ ಹೊರುವ ಹಿರಿಯರೊಬ್ಬರು ಒಮ್ಮೆ ನಮ್ಮ ಜೊತೆ ಕುಳಿತು ಇಡೀ ಕಂತನ್ನು ನೋಡಿ, ಬೀಡಿ ಹಚ್ಚಿಕೊಂಡು ಕೇಳಿದರು: "ಅಲ್ಲ ಮಗಾ, ಈ ದೆವ್ವಕ್ಕೆ ಹೆಸರುಂಟಾ? ಊರುಂಟಾ? ಅದಕ್ಕೆ ಬೇಕಾದದ್ದು ಎಂತ?" ನಮಗೆ ನಗು ಬಂತು. ದೆವ್ವಕ್ಕೆ ಏನು ಬೇಕೆಂದು ಕೇಳುವವರುಂಟೇ? ಈಗ ಅನಿಸುತ್ತದೆ, ಅಲ್ಲಿದ್ದವರಲ್ಲಿ ವಿಮರ್ಶೆ ಎಂದು ಕರೆಯಬಹುದಾದ ಮಾತನ್ನು ಆಡಿದವರು ಅವರೊಬ್ಬರೇ.

ಅವರು ಯಾವ ಲೋಕದಿಂದ ಆ ಪ್ರಶ್ನೆ ಕೇಳಿದರು ಎಂಬುದಕ್ಕೆ ಕಲ್ಕುಡ-ಕಲ್ಲುರ್ಟಿ ಎಂಬ ಅಣ್ಣ-ತಂಗಿ ದೈವಗಳ ಪಾಡ್ದನವೇ (ತುಳುವಿನ ಕಥನ ಹಾಡು) ಸಾಕು. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನಿಗೆ, ಇಂಥದ್ದನ್ನು ಬೇರೆಲ್ಲೂ ಮಾಡಬಾರದೆಂದು ಭೈರರಸ ಒಂದು ಕೈ ಒಂದು ಕಾಲು ಕಡಿಸುತ್ತಾನೆ. ಕಲ್ಕುಡ ಉಳಿದ ಒಂದೇ ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ಕಂಡು ಕೆರಳುತ್ತಾಳೆ. ಇಬ್ಬರೂ ಮಾಯಕವಾಗಿ, ದೈವಗಳಾಗಿ, ಅರಸನನ್ನು ಬೆಂಬತ್ತಿ ಕಾಡುತ್ತಾರೆ. ಇತಿಹಾಸದ ಲೆಕ್ಕದಲ್ಲಿ ಕಾರ್ಕಳದ ವಿಗ್ರಹ 1432ರದು, ವೇಣೂರಿನದು 1604ರದು, ನಡುವೆ 172 ವರ್ಷ. ಪಾಡ್ದನಕ್ಕೆ ಆ ಲೆಕ್ಕ ಬೇಕಿಲ್ಲ, ಏಕೆಂದರೆ ಅದು ಹೇಳಹೊರಟದ್ದು ಬೇರೆ ಲೆಕ್ಕ. ಬೆಂಕಿ ಹಚ್ಚುವವಳು, ರೋಗ ತರುವವಳು, ರಾತ್ರಿ ಕಾಡುವವಳು ಕಲ್ಲುರ್ಟಿಯೇ ಹೌದು. ಆದರೆ ಕೆಡುಕು ಎಲ್ಲಿ ಆರಂಭವಾಯಿತು ಎಂದು ಕೇಳಿದರೆ ಪಾಡ್ದನ ಕೇಳಿದ ಮಗುವೂ ಅರಸನತ್ತ ಬೆರಳು ತೋರಿಸುತ್ತದೆ. ಈ ನೆಲದಲ್ಲಿ ಎಷ್ಟೋ ದೈವಗಳ ಹಿಂದೆ ಹೀಗೆ ಅನ್ಯಾಯವಾಗಿ ಸತ್ತ, ಅಂಗ ಕಳೆದುಕೊಂಡ, ಮೋಸಹೋದ ಮನುಷ್ಯರಿದ್ದಾರೆ. ವಸಾಹತು ಕಾಲದ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ ಈ ಪಾಡ್ದನಗಳು 1890ರ ದಶಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದಾಗ ಅವುಗಳಿಗೆ ಸಿಕ್ಕ ತಲೆಬರಹ ತುಳುವರ ಪಿಶಾಚಾರಾಧನೆ ಎಂಬರ್ಥದ್ದು. ಭೂತ ಎಂಬ ಮಾತು ಡೆವಿಲ್ ಎಂದಾದಾಗ ಕಳೆದುಹೋದದ್ದು ಅರಸನ ಅಪರಾಧ. ಟಿ.ವಿ. ಹಾರರ್ ಮಾಡುವುದು ಬಹುಪಾಲು ಇದೇ ಅನುವಾದವನ್ನು. ಕಾಡುವುದನ್ನೆಲ್ಲ ಕೆಟ್ಟದ್ದೆಂದು ತೋರಿಸಿ, ಅದು ಏಕೆ ಕಾಡುತ್ತದೆ ಎಂಬುದನ್ನು ಕೊನೆಯ ಐದು ನಿಮಿಷದ ಫ್ಲ್ಯಾಶ್‌ಬ್ಯಾಕಿಗೆ ತಳ್ಳುವುದು.

ಪರವಾದಿ ಹೊಗಳಿದ 'ಟ್ವಿನ್ ಪೀಕ್ಸ್' ಅನ್ನೇ ಎತ್ತಿಕೊಳ್ಳೋಣ. ಮಗಳ ಮೇಲೆ ವರ್ಷಗಟ್ಟಲೆ ದೌರ್ಜನ್ಯ ನಡೆಸಿ ಕೊಂದವನು ಸಾಯುವಾಗ ತನಿಖಾಧಿಕಾರಿಯ ತೋಳಲ್ಲಿ ಮಲಗುತ್ತಾನೆ. ಬೆಳಕಿನ ಕಡೆ ಹೋಗು ಎಂದು ಅಧಿಕಾರಿ ಅವನಿಗೆ ದಾರಿ ತೋರಿಸುತ್ತಾನೆ. ಮಗಳೇ ಕಾಣುತ್ತಿದ್ದಾಳೆಂದು ಆತ ಸಮಾಧಾನದಿಂದ ಕಣ್ಣು ಮುಚ್ಚುತ್ತಾನೆ. ತಪ್ಪು ಬಾಬ್‌ನದು, ಬಾಬ್ ಗೂಬೆಯಾಗಿ ಕಾಡಿಗೆ ಹಾರಿದ. ಮುಂದಿನ ಕಂತಿನ ಶೋಕಕೂಟದಲ್ಲಿ ಊರಿನ ಇಬ್ಬರು ಮುದುಕರ ಜಗಳವೇ ದೊಡ್ಡ ಸಂಗತಿ. ಒಂದೇ ದೇಹದಲ್ಲಿ ಇಬ್ಬರು ಜೀವರೆಂಬ ಮಾಧ್ವರ ಮಾತನ್ನು ಇದಕ್ಕೆ ಹೋಲಿಸಿದ್ದು ಜಾಣತನವೇ ಸರಿ, ಆದರೆ ಹೋಲಿಕೆ ಅರ್ಧದಲ್ಲಿ ನಿಲ್ಲುತ್ತದೆ. ಶಿಶುಪಾಲನ ತಲೆ ಹೋಯಿತು. ಇಬ್ಬರು ಜೀವರಿದ್ದರೆಂಬ ಕಾರಣಕ್ಕೆ ಚಕ್ರ ತಡೆದು ನಿಲ್ಲಲಿಲ್ಲ. ಇಷ್ಟಕ್ಕೂ ಮನೆಯೊಳಗಿನ ದೌರ್ಜನ್ಯದ ಬಗ್ಗೆ ನಮ್ಮ ಮನೆಗಳು ಹೇಳಿಕೊಳ್ಳುವ ಸುಳ್ಳೂ ಇದೇ ಧಾಟಿಯದು: ಅವನು ಒಳ್ಳೆಯವನೇ, ಆದರೆ ಕುಡಿದಾಗ ಅವನ ಮೈಮೇಲೆ ಏನೋ ಬರುತ್ತದೆ. ಆ ಸುಳ್ಳಿಗೆ ಅಷ್ಟು ಸುಂದರವಾದ ಸಂಗೀತ, ಕೆಂಪು ಪರದೆ, ಕಪ್ಪು-ಬಿಳಿ ನೆಲ ಕೊಟ್ಟದ್ದನ್ನು ನಾನು ಕಲೆಯ ಗೆಲುವೆಂದು ಒಪ್ಪಬಲ್ಲೆ. ಕೆಡುಕಿನ ಅರಿವೆಂದು ಒಪ್ಪಲಾರೆ.

ಕೆಡುಕನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದ ಕೆಲಸ ನಡೆದದ್ದು ದೀಪ ಬೆಳಗಿದ ಕೋಣೆಗಳಲ್ಲಿ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಆರಂಭಿಸಿದ ಪ್ರಯೋಗಗಳಲ್ಲಿ, ಪಕ್ಕದ ಕೋಣೆಯವನಿಗೆ ವಿದ್ಯುತ್ ಆಘಾತ ಕೊಡಲು ಹೇಳಿದಾಗ, ಮೊದಲು ಪ್ರಕಟವಾದ ಪ್ರಯೋಗದ 40 ಜನರಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಗುಂಡಿ ಒತ್ತಿದರು. ಆಘಾತ ನಿಜವಾದುದಾಗಿರಲಿಲ್ಲ, ಆದರೆ ಒತ್ತಿದವರಿಗೆ ಅದು ಗೊತ್ತಿರಲಿಲ್ಲ. ಅವರ ಮೈಮೇಲೆ ಯಾವುದೂ ಬಂದಿರಲಿಲ್ಲ. ಬೂದು ಅಂಗಿ ತೊಟ್ಟ ಒಬ್ಬಾತ ಮುಂದುವರಿಸಿ ಎಂದಿದ್ದ, ಅಷ್ಟೇ. ಅದೇ ವರ್ಷ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆಯನ್ನು ಕಂಡ ಚಿಂತಕಿ ಹಾನಾ ಅರೆಂಟ್, ಲಕ್ಷಾಂತರ ಜನರನ್ನು ಸಾವಿಗೆ ಸಾಗಿಸಿದವನಲ್ಲಿ ರಾಕ್ಷಸತನವನ್ನು ಹುಡುಕಿ, ಬದಲಿಗೆ ಯೋಚಿಸಲು ನಿರಾಕರಿಸುವ ಒಬ್ಬ ಕಚೇರಿಯ ಮನುಷ್ಯನನ್ನು ಕಂಡರು. ಈ ಕೆಡುಕಿಗೆ ಚುಟ್ಟಿ ಇಡಲು ಬರುವುದಿಲ್ಲ, ಹಿನ್ನೆಲೆ ಸಂಗೀತ ಹೊಂದುವುದಿಲ್ಲ. ಭಯಾನಕ ಮುಖಕ್ಕಾಗಿ ಕಾಯುತ್ತ ಕುಳಿತ ಪ್ರೇಕ್ಷಕ, ಕಡತ ಹಿಡಿದು ಬಂದ ಕೆಡುಕಿಗೆ ಎದ್ದು ಕುರ್ಚಿ ಕೊಡುತ್ತಾನೆ. ಮೇಪಲ್ ಸ್ಟ್ರೀಟಿನ ಕಂತು ಇದಕ್ಕೆ ಅಪವಾದವೆಂಬುದನ್ನು ಒಪ್ಪುತ್ತೇನೆ; ಅಲ್ಲಿ ನನ್ನ ವಾದ ಸೋಲುತ್ತದೆ. ಆದರೆ ಅದು ಗೆದ್ದದ್ದು ದೆವ್ವವನ್ನು ಕತೆಯಿಂದ ಹೊರಗೆ ನಿಲ್ಲಿಸಿದ್ದರಿಂದ.

ಇನ್ನು ಮಕ್ಕಳ ವಿಷಯ. ಬಯಲಾಟದ ಮಗುವನ್ನು ಟಿ.ವಿ.ಯ ಮಗುವಿನ ಪಕ್ಕದಲ್ಲಿ ಕೂರಿಸುವುದು ನ್ಯಾಯವಲ್ಲ. ಮಹಿಷಾಸುರ ಬಂದಾಗ ಮಗುವಿನ ಎಡಕ್ಕೆ ಅಜ್ಜಿ, ಬಲಕ್ಕೆ ಇಡೀ ಊರು; ಬೆಳಗಾಗುವುದರೊಳಗೆ ದೇವಿಯ ಕೈಯಲ್ಲಿ ಅವನ ವಧೆಯಾಗುತ್ತದೆ; ಚೌಕಿಗೆ ಹೋಗಿ ನೋಡಿದರೆ ಬಣ್ಣ ತೆಗೆಯುತ್ತಿರುವ ಪರಿಚಿತ ಮನುಷ್ಯ ಎಲೆ-ಅಡಿಕೆ ಜಗಿಯುತ್ತಿರುತ್ತಾನೆ. ಮೊಬೈಲಿನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಹೊದಿಕೆಯೊಳಗೆ ನೋಡುವ ಮಗುವಿಗೆ ಇದು ಯಾವುದೂ ಇಲ್ಲ. ಅಮೆರಿಕದ ಸಂಶೋಧಕಿ ಜೋನ್ ಕ್ಯಾಂಟರ್ ಮತ್ತು ಅವರ ಸಹೋದ್ಯೋಗಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 90ರಷ್ಟು ಮಂದಿ ಬಾಲ್ಯದಲ್ಲೋ ಹದಿಹರೆಯದಲ್ಲೋ ಪರದೆಯ ಮೇಲೆ ಕಂಡದ್ದರಿಂದ ತೀವ್ರವಾಗಿ ಹೆದರಿದ್ದನ್ನು ನೆನಪಿಸಿಕೊಂಡರು. ಸುಮಾರು ಕಾಲುಭಾಗ ಮಂದಿಗೆ ಆ ಅಂಜಿಕೆ ಆಗಲೂ ಉಳಿದಿತ್ತು. 1992ರ ಅಕ್ಟೋಬರ್ 31ರ ರಾತ್ರಿ ಬಿಬಿಸಿ ನೇರಪ್ರಸಾರದಂತೆ ಕಾಣುವ 'ಘೋಸ್ಟ್‌ವಾಚ್' ಎಂಬ ಕಟ್ಟುಕತೆಯನ್ನು ತೋರಿಸಿತು. ಜನ ನಂಬುವ ಪ್ರಸಿದ್ಧ ನಿರೂಪಕರೇ ಅದರಲ್ಲಿ ಕುಳಿತಿದ್ದರು. ಅದನ್ನು ನೋಡಿದ ಹತ್ತು ವರ್ಷದ ಇಬ್ಬರು ಹುಡುಗರಲ್ಲಿ ಆಘಾತೋತ್ತರ ಮನೋಬಾಧೆ ಕಂಡುಬಂದದ್ದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ 1994ರಲ್ಲಿ ವರದಿ ಮಾಡಿತು. ಪ್ರಕರಣಗಳು ಎರಡೇ, ಅದರಿಂದ ದೊಡ್ಡ ಸಿದ್ಧಾಂತ ಕಟ್ಟಲಾಗದು. ಆದರೆ ಕಟ್ಟುಕತೆ ಸುದ್ದಿಯ ವೇಷ ತೊಟ್ಟರೆ ಏನಾಗುತ್ತದೆ ಎಂಬುದು ನಮ್ಮ ಕನ್ನಡದ ಕೆಲವು ಸುದ್ದಿವಾಹಿನಿಗಳ ತಡರಾತ್ರಿಯ ಕಾರ್ಯಕ್ರಮಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಪಾಳುಮನೆಯ ಮುಂದೆ ಏದುಸಿರು ಬಿಡುವ ವರದಿಗಾರ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಸಾಂದರ್ಭಿಕ ದೃಶ್ಯ'.

ಇದನ್ನು ತಡೆಯುವ ನಿಯಮವೇ ಇಲ್ಲವೆಂದಲ್ಲ. 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 6ನೇ ನಿಯಮ, ಮೂಢನಂಬಿಕೆಯನ್ನು ಉತ್ತೇಜಿಸುವ ಕಾರ್ಯಕ್ರಮಗಳನ್ನು ನಿಷೇಧಿಸುತ್ತದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ 2017ರ ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅದರಡಿ ಅಪರಾಧ. ಹೊಡೆದವನು ಅಪರಾಧಿಯಾಗುತ್ತಾನೆ, ಸರಿ. ಖಿನ್ನತೆಯಲ್ಲೋ ಸ್ಕಿಜೋಫ್ರೇನಿಯಾದಲ್ಲೋ ಬಳಲುತ್ತಿರುವ ಹೆಣ್ಣುಮಗಳ ಕಣ್ಣನ್ನು ನೋಡಿದ ಕೂಡಲೆ ಇದು ಆ ಧಾರಾವಾಹಿಯಲ್ಲಿ ತೋರಿಸಿದ ಹಾಗೇ ಉಂಟಲ್ಲ ಎಂದು ಮನೆಯವರಿಗೆ ಅನಿಸುವಂತೆ ಮಾಡಿದವನ ಮೇಲೆ ಯಾವ ಕಲಮು ಹಾಕುವುದು? ನನ್ನ ಹತ್ತಿರದ ಸಂಬಂಧಿಕರ ಮನೆಯೊಂದರಲ್ಲಿ, ಮಣಿಪಾಲ ಅರ್ಧ ಗಂಟೆಯ ದಾರಿಯಾಗಿದ್ದರೂ, ಮನೋವೈದ್ಯರ ಬಳಿ ಹೋಗಲು ಎರಡು ವರ್ಷ ತಡವಾಯಿತು. ಆ ಎರಡು ವರ್ಷ ಅವರು ಅವಳನ್ನು ಕರೆದುಕೊಂಡು ಹೋಗದ ಜಾಗವಿರಲಿಲ್ಲ. ಅದಕ್ಕೆ ಟಿ.ವಿ.ಯೊಂದೇ ಕಾರಣವೆಂದರೆ ಸುಳ್ಳಾದೀತು. ತಿರುಗಿದ ಕಣ್ಣು, ಬದಲಾದ ಧ್ವನಿ, ಕೆದರಿದ ಕೂದಲು ಇವುಗಳಿಗೆ ಏನರ್ಥ ಎಂಬ ಪಾಠವನ್ನು ಅದು ಪ್ರತಿ ವಾರ ಹೇಳಿಕೊಟ್ಟಿತ್ತು ಎಂಬುದಂತೂ ನಿಜ.

ಕೊನೆಯದಾಗಿ ಧಾರಾವಾಹಿ ಎಂಬ ವ್ಯಾಪಾರದ ಕಟ್ಟುಪಾಡು. ಕೋಲದಲ್ಲಿ ದೈವ ನುಡಿ ಕೊಡುತ್ತದೆ. ಆಸ್ತಿಯ ತಕರಾರು, ಅಣ್ಣತಮ್ಮಂದಿರ ಮುನಿಸು, ಹೇಳದೆ ಉಳಿದ ಹರಕೆ ಎಲ್ಲವನ್ನೂ ಗುತ್ತಿನವರ, ಅಂದರೆ ಊರಿನ ಹಿರಿಮನೆಯವರ, ಎದುರಿಗೇ ಕೇಳಿ ತೀರ್ಪು ಹೇಳುತ್ತದೆ. ಮಾಡಿದವರ ಹೆಸರು ಹಿಡಿದು ಕರೆಯುತ್ತದೆ. ಬೆಳಿಗ್ಗೆ ಅಣಿ ಇಳಿಸಿ, ಗಗ್ಗರ ಬಿಚ್ಚಿ, ಮುಖದ ಅರದಾಳ ತೊಳೆಯುತ್ತಾರೆ. ಟಿ.ವಿ.ಗೆ ಈ ಬೆಳಗು ಬೇಡ, ಮುಂದಿನ ಸೀಸನ್ ಬೇಕು; ಹಾಗಾಗಿ ಕೆಡುಕು ಸಾಯಕೂಡದು, ವಿಚಾರಣೆ ಮುಗಿಯಕೂಡದು. 'ಟ್ವಿನ್ ಪೀಕ್ಸ್' ಸುಮಾರು 25 ವರ್ಷಗಳ ಬಳಿಕ 2017ರಲ್ಲಿ 18 ಕಂತುಗಳಾಗಿ ಮರಳಿ ಬಂದಾಗ ಲಾರಾಳ ತಾಯಿಯ ಒಳಗೂ ಏನೋ ಕತ್ತಲು ಹೊಕ್ಕಿರುವುದನ್ನು ತೋರಿಸಿತು. ಕೊನೆಯ ದೃಶ್ಯದಲ್ಲಿ ಒಂದು ಕಿರುಚು, ಆ ಮನೆಯ ದೀಪಗಳೆಲ್ಲ ಆರಿಹೋಗುತ್ತವೆ.

ಅದನ್ನು ನೋಡಿ ಮುಗಿಸಿದ ವಾರ ಊರಿಗೆ ಹೋಗಿದ್ದೆ. ಬೀಡಿಯ ಹಿರಿಯರು ಇನ್ನೂ ಇದ್ದರು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಜಗಲಿಯಲ್ಲಿ ಕುಳಿತು ಇಡೀ ಕತೆಯನ್ನು ಅವರಿಗೆ ಹೇಳಿದೆ: ಹುಡುಗಿ, ಅಪ್ಪ, ಅಪ್ಪನೊಳಗೆ ಹೊಕ್ಕವನು, ಗೂಬೆ. ಅವರು ಅಡ್ಡ ಬಾಯಿ ಹಾಕದೆ ಕೇಳಿದರು. "ಅಪ್ಪನಿಗೆ ದೆವ್ವ ಆಯಿತು. ಆ ಅಮ್ಮ ಒಂದೇ ಮನೆಯಲ್ಲಿ ಇದ್ದವಳು, ಅವಳಿಗೆ ಎಲ್ಲ ಗೊತ್ತಿತ್ತಾ?" ಎಂದರು. ಅವಳಿಗೂ ದೆವ್ವ ಹಿಡಿದಿದೆಯೆಂದು ಈಗ ತೋರಿಸಿದ್ದಾರೆ ಎಂದೆ.

"ಓ, ಅವಳಿಗೂ ಕೊಟ್ಟರಾ ಒಂದು" ಎಂದು ಹೇಳಿ, ಒಳಗಿನವರಿಗೆ ಚಾ ಇಡಲು ಕೂಗಿದರು.